ಬಿಯರ್‌ನಲ್ಲಿ ಆಲ್ಕೋಹಾಲ್ ಎಷ್ಟು? ಹೈಡ್ರೋಮೀಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಒಂದು ಮೈಕ್ರೋಬ್ರೂವರಿಯಲ್ಲಿ ಲ್ಯಾಬ್ ಕೆಲಸ ನೋಡಿಕೊಳ್ಳುವ ಕನ್ನಡಿಗ ನಾನು. ಇಲ್ಲಿನ ನಮ್ಮವರ ಕಾರ್ಯಕ್ರಮಗಳಿಗೆ ಹೋದರೆ ಊಟದ ಪಂಕ್ತಿಯಲ್ಲೇ ಪ್ರಶ್ನೆ ಶುರುವಾಗುತ್ತದೆ. ಕೆಲವರು ಮೈಕ್ರೋಬಯಾಲಜಿ ಓದಿ ಬ್ರೂವರಿಯಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು. ಕೆಲವರ ಮಕ್ಕಳು ಬ್ರಿಟನ್‌ನಲ್ಲೋ ಅಮೆರಿಕದಲ್ಲೋ ಮನೆಯಲ್ಲೇ ಬಿಯರ್ ಮಾಡುತ್ತಾರೆ, ಅವರ ಡೌಟು ಅಪ್ಪ ಅಮ್ಮನ ಮೂಲಕ ನನ್ನ ಹತ್ತಿರ ಬರುತ್ತದೆ. ಇನ್ನು ಕೆಲವರು ಅಡುಗೆಮನೆ ಕಟ್ಟೆ ಮೇಲೆ ಶುಂಠಿ ಬಿಯರ್, ಕೊಂಬುಚಾ (ಹುದುಗಿಸಿದ ಚಹಾ) ಇಟ್ಟು ಭಯಪಡುತ್ತಿರುವವರು. ಎಲ್ಲರಿಗೂ ಒಂದೊಂದಾಗಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಇದನ್ನು ಹೇಳಿ: ಪುಣೆಯಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದಾ?

ಇಲ್ಲ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮೈಕ್ರೋಬ್ರೂವರಿಗಳು ಅಬಕಾರಿ ಇಲಾಖೆಯ ಲೈಸೆನ್ಸ್ ಪಡೆದೇ ನಡೆಯುವುದು. ಗೋವಾದಲ್ಲಿ ಎಲ್ಲ ಸಲೀಸು ಅಂದುಕೊಂಡವರಿದ್ದಾರೆ, ಅಲ್ಲೂ ತಯಾರಿಕೆಗೆ ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ಮನೆ ಬಿಯರಿಗೆ ಲೈಸೆನ್ಸ್ ಬೇಕೆನ್ನುವ ನಿಯಮ 1963ರಲ್ಲಿ ಹೋಯಿತು. ಅಮೆರಿಕದಲ್ಲಿ 1978ರಲ್ಲಿ ಕೇಂದ್ರ ಕಾನೂನು ಬದಲಾಯಿತು. ಹಾಗಾಗಿ ಮುಂದೆ 'ಮನೆ ಬಿಯರ್' ಅಂತ ಬಂದಲ್ಲೆಲ್ಲ, ಅದಕ್ಕೆ ಅನುಮತಿ ಇರುವ ಊರಿನ ಮಾತು ಅಂತ ತಿಳಿಯಿರಿ. ಹೈಡ್ರೋಮೀಟರ್ ಇಟ್ಟುಕೊಳ್ಳುವುದಕ್ಕೆ, ಸಕ್ಕರೆ ನೀರಿನಲ್ಲಿ ಅಭ್ಯಾಸ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಹೈಡ್ರೋಮೀಟರ್ ಆಲ್ಕೋಹಾಲ್ ಅಳೆಯುತ್ತದೆ ತಾನೇ?

ಅಳೆಯುವುದಿಲ್ಲ. ಎಲ್ಲ ಗೊಂದಲಕ್ಕೂ ಮೂಲ ಇದೇ. ಅದಕ್ಕೆ ಗೊತ್ತಿರುವುದು ಒಂದೇ ವಿಷಯ, ದ್ರವ ನೀರಿಗಿಂತ ಎಷ್ಟು ಭಾರ ಅಥವಾ ಎಷ್ಟು ಹಗುರ ಅನ್ನುವುದು. ಕೆಳಗೆ ತೂಕ ತುಂಬಿದ ಗಾಜಿನ ಬುರುಡೆ, ಮೇಲೆ ತೆಳ್ಳಗಿನ ಕಡ್ಡಿ, ಕಡ್ಡಿಯೊಳಗೆ ಅಂಕಿ ಬರೆದ ಕಾಗದ, ಅಷ್ಟೇ. ಶುದ್ಧ ನೀರಿನಲ್ಲಿ ಬಿಟ್ಟರೆ 1.000 ತೋರಿಸುತ್ತದೆ. ಸಕ್ಕರೆ ಕರಗಿದ ದ್ರವದಲ್ಲಿ ಮೇಲೆದ್ದು ತೇಲುತ್ತದೆ, 1.040, 1.050 ಹೀಗೆ. ಈ ಅಂಕಿಗೆ ಗ್ರಾವಿಟಿ ಅಂತಾರೆ.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಅದನ್ನು ಬಿಸಿ ನೀರಿನಲ್ಲಿ ನೆನೆಸಿ ತೆಗೆದ ಸಿಹಿ ನೀರಿಗೆ ವರ್ಟ್ ಅಂತಾರೆ, ಅದನ್ನು ಆಮೇಲೆ ಕುದಿಸುತ್ತಾರೆ. ಯೀಸ್ಟ್ ಆ ವರ್ಟಿನ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಗ್ಯಾಸ್ ಹೊರಗೆ ಹೋಗುತ್ತದೆ, ದ್ರವ ಹಗುರವಾಗುತ್ತದೆ. ಎಷ್ಟು ಹಗುರವಾಯಿತು ಅನ್ನುವುದರಿಂದ ಎಷ್ಟು ಆಲ್ಕೋಹಾಲ್ ಹುಟ್ಟಿರಬೇಕು ಅಂತ ನಾವು ಲೆಕ್ಕ ಹಾಕುತ್ತೇವೆ. ಲೆಕ್ಕ ನಮ್ಮದು, ಉಪಕರಣದ್ದಲ್ಲ. ಅದಕ್ಕೇ ಒಂದು ರೀಡಿಂಗ್ ಸಾಲದು, ಯೀಸ್ಟ್ ಹಾಕುವ ಮೊದಲು ಒಂದು ಮತ್ತು ಹುದುಗುವುದು ಮುಗಿದ ಮೇಲೆ ಒಂದು ಬೇಕು. ಮೊದಲನೆಯದನ್ನು ಓಜಿ (ಒರಿಜಿನಲ್ ಗ್ರಾವಿಟಿ), ಎರಡನೆಯದನ್ನು ಎಫ್‌ಜಿ (ಫೈನಲ್ ಗ್ರಾವಿಟಿ) ಅನ್ನುತ್ತೇವೆ.

ಲೆಕ್ಕ ಹೇಗೆ?

(ಓಜಿ − ಎಫ್‌ಜಿ) × 131.25. ಓಜಿ 1.050, ಎಫ್‌ಜಿ 1.010 ಅಂದರೆ ವ್ಯತ್ಯಾಸ 0.040. ಅದನ್ನು 131.25ರಿಂದ ಗುಣಿಸಿದರೆ 5.25. ಅಂದರೆ ನೂರು ಮಿಲಿ ಬಿಯರ್‌ನಲ್ಲಿ ಸುಮಾರು ಐದೂಕಾಲು ಮಿಲಿ ಆಲ್ಕೋಹಾಲ್.

ಈ 131.25 ಎಲ್ಲಿಂದ ಬಂತು? ಸುಮ್ನೆ ನಂಬಬೇಕಾ?

ಸುಮ್ನೆ ನಂಬಬೇಡಿ, ಶಾಲೆಯ ಕೆಮಿಸ್ಟ್ರಿ ಸಾಕು. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಗ್ಯಾಸ್ ಬರುತ್ತದೆ. ಈಗ ಒಂದು ಲೀಟರ್ ವರ್ಟ್ ತೆಗೆದುಕೊಳ್ಳಿ. ಗ್ರಾವಿಟಿ 1.050ರಿಂದ 1.010ಕ್ಕೆ ಇಳಿಯಿತು ಅಂದರೆ ಆ ಲೀಟರಿನ ತೂಕ ಸುಮಾರು 40 ಗ್ರಾಂ ಕಡಿಮೆಯಾಯಿತು. ಕಡಿಮೆಯಾದದ್ದು ಹೊರಗೆ ಹೋದ ಗ್ಯಾಸ್. 88 ಗ್ರಾಂ ಗ್ಯಾಸಿಗೆ 92 ಗ್ರಾಂ ಆಲ್ಕೋಹಾಲ್ ಆದರೆ 40 ಗ್ರಾಂಗೆ ಸುಮಾರು 42 ಗ್ರಾಂ. ಆಲ್ಕೋಹಾಲಿನ ಸಾಂದ್ರತೆ 0.789. ಭಾಗಿಸಿದರೆ 53 ಮಿಲಿ. ಲೀಟರಿಗೆ 53 ಮಿಲಿ ಅಂದರೆ 5.3 ಶೇಕಡಾ. ಸೂತ್ರ ಕೊಟ್ಟದ್ದು 5.25. ಎರಡೂ ಹತ್ತಿರ ಹತ್ತಿರ ಇವೆ, ಅಲ್ವಾ? ಹೊರಗೆ ಹೋದ ಗ್ಯಾಸಿನ ತೂಕ ಹಿಡಿದು ಒಳಗೆ ಉಳಿದ ಆಲ್ಕೋಹಾಲ್ ಲೆಕ್ಕ ಹಾಕುವುದು ನನಗಂತೂ ಈ ಕೆಲಸದಲ್ಲಿ ಬಹಳ ಇಷ್ಟದ ಭಾಗ.

ನಿಜದಲ್ಲಿ ಯೀಸ್ಟ್ ಸ್ವಲ್ಪ ಸಕ್ಕರೆಯನ್ನು ತನ್ನ ಮೈ ಬೆಳೆಸಿಕೊಳ್ಳಲು ಬಳಸುತ್ತದೆ, ಬೇರೆ ಸಣ್ಣಪುಟ್ಟ ವಸ್ತುಗಳೂ ಆಗುತ್ತವೆ. ಹಾಗಾಗಿ ಇದು ಅಂದಾಜು. ಒಳ್ಳೆಯ ಅಂದಾಜು.

ತುಂಬ ಸ್ಟ್ರಾಂಗ್ ಬಿಯರಿಗೂ ಇದೇ ಸೂತ್ರವಾ?

6, 7 ಶೇಕಡಾವರೆಗೆ ಧಾರಾಳವಾಗಿ ಬಳಸಿ. ಅದರ ಮೇಲೆ ಹೋದಂತೆ ಈ ಸರಳ ಸೂತ್ರ ಕಡಿಮೆ ತೋರಿಸುತ್ತದೆ. ಓಜಿ 1.090, ಎಫ್‌ಜಿ 1.018 ಇದ್ದರೆ ಇದರಲ್ಲಿ 9.45 ಬರುತ್ತದೆ. ಸ್ಟ್ರಾಂಗ್ ಬಿಯರಿಗೆ ಬಳಸುವ ಉದ್ದದ ಸೂತ್ರದಲ್ಲಿ 10.2ರ ಸುಮಾರಿಗೆ ಬರುತ್ತದೆ. ಆ ಸೂತ್ರ ಹೀಗಿದೆ: ಓಜಿಯಿಂದ ಎಫ್‌ಜಿ ಕಳೆದು 76.08ರಿಂದ ಗುಣಿಸಿ, 1.775ರಿಂದ ಓಜಿ ಕಳೆದು ಬಂದದ್ದರಿಂದ ಭಾಗಿಸಿ, ಕೊನೆಗೆ ಎಫ್‌ಜಿಯನ್ನು 0.794ರಿಂದ ಭಾಗಿಸಿ ಅದರಿಂದ ಗುಣಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಮೊದಲ ರೀಡಿಂಗ್ ಯಾವ ಹೊತ್ತಿಗೆ ತೆಗೆಯಬೇಕು?

ಕುದಿಸುವುದು ಮುಗಿದು, ವರ್ಟ್ ತಣ್ಣಗಾಗಿ, ನೀರು ಸೇರಿಸುವುದಿದ್ದರೆ ಅದನ್ನೂ ಸೇರಿಸಿದ ಮೇಲೆ, ಯೀಸ್ಟ್ ಹಾಕುವ ಮುಂಚೆ. ನೀರು ಸೇರಿಸಿದ್ದರೆ ಚೆನ್ನಾಗಿ ಕಲಕಿ. ದಪ್ಪ ಸಿಹಿ ದ್ರವ ತಳದಲ್ಲಿ, ನೀರು ಮೇಲೆ ನಿಲ್ಲುತ್ತದೆ. ಕಿಟ್ ತಂದು ಬಿಯರ್ ಮಾಡುವವರ 'ಓಜಿ ಬರಲೇ ಇಲ್ಲ' ಅನ್ನುವ ಗೋಳಿಗೆ ಬಹಳ ಸಲ ಇದೇ ಕಾರಣ.

ರೀಡಿಂಗ್ ತೆಗೆಯುವ ಸರಿಯಾದ ಕ್ರಮ?

ಸ್ಯಾಂಪಲನ್ನು ಎತ್ತರದ, ಕಿರಿದಾದ ಜಾರಿಗೆ ಹಾಕಿ. ಹೈಡ್ರೋಮೀಟರ್ ಪಕ್ಕಕ್ಕಾಗಲಿ ತಳಕ್ಕಾಗಲಿ ತಾಗಬಾರದು. ಜಾರನ್ನು ಮಟ್ಟಸವಾದ ಜಾಗದಲ್ಲಿಡಿ.

ಹುದುಗುತ್ತಿರುವ ಬಿಯರ್ ಆದರೆ ಮೊದಲು ಗ್ಯಾಸ್ ತೆಗೆಯಬೇಕು. ಎರಡು ಲೋಟ ತೆಗೆದುಕೊಂಡು, ಕಾಫಿ ಆರಿಸಿದ ಹಾಗೆ, ಒಂದರಿಂದ ಒಂದಕ್ಕೆ ಸುರಿಯುತ್ತಾ ಇರಿ, ನೊರೆ ಬರುವುದು ನಿಲ್ಲುವ ತನಕ. ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಬುರುಡೆಯ ಮೈಗೆಲ್ಲ ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ. ಕಡ್ಡಿ ಮೆಲ್ಲಗೆ ಮೇಲೇರುತ್ತಾ ಹೋಗುತ್ತದೆ, ಒಂದು ಗುಳ್ಳೆ ಬಿಟ್ಟು ಹೋದರೆ ಸಟ್ಟನೆ ಒಂದು ಗೆರೆ ಇಳಿಯುತ್ತದೆ. ಆಗ ಯಾವ ಅಂಕಿ ಬರೆದರೂ ಸುಳ್ಳೇ. ಕಡ್ಡಿಯ ತುದಿ ಹಿಡಿದು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ, ಉಳಿದ ಗುಳ್ಳೆಗಳೂ ಉದುರುತ್ತವೆ.

ಇನ್ನು ಕಣ್ಣಿನ ಮಟ್ಟ. ಮೇಲಿನಿಂದ ಬಗ್ಗಿ ನೋಡಬೇಡಿ, ನೀವೇ ಕುಳಿತು ದ್ರವದ ಮಟ್ಟಕ್ಕೆ ಕಣ್ಣು ತನ್ನಿ. ದ್ರವ ಕಡ್ಡಿಯ ಸುತ್ತ ಸ್ವಲ್ಪ ಮೇಲೇರಿ ನಿಂತಿರುತ್ತದೆ. ಆ ಏರಿದ ಅಂಚು ಬೇಡ, ಸಮತಟ್ಟಾದ ಮೇಲ್ಮೈ ಯಾವ ಗೆರೆಗಿದೆಯೋ ಅದೇ ನಿಮ್ಮ ರೀಡಿಂಗ್.

ಸ್ಯಾಂಪಲ್ ವಾಪಸ್ ಸುರಿಯಬಹುದಾ?

ಬೇಡ. ಸೋಂಕು ತಗಲುತ್ತದೆ. ರುಚಿ ನೋಡಿ, ಉಳಿದದ್ದನ್ನು ಚೆಲ್ಲಿ.

ಪುಣೆಯ ಸೆಖೆಗೆ ರೀಡಿಂಗ್ ತಪ್ಪುತ್ತಾ?

ತಪ್ಪುತ್ತದೆ. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಲೇಬೇಕಾದ ಪ್ರಶ್ನೆ ಮಾತ್ರ ಇದು. ಹೈಡ್ರೋಮೀಟರ್ ಒಂದು ನಿಗದಿತ ಉಷ್ಣತೆಗೆ ಮಾಡಿದ್ದು. ಈಗಿನವು ಹೆಚ್ಚಾಗಿ 20 ಡಿಗ್ರಿಗೆ, ಹಳೆಯ ಕೆಲವು 15.5 ಡಿಗ್ರಿಗೆ. ಒಳಗಿನ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ.

ದ್ರವ ಬಿಸಿಯಾದರೆ ಹಿಗ್ಗಿ ಹಗುರವಾಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. 20 ಡಿಗ್ರಿಯ ಉಪಕರಣವಾದರೆ 25 ಡಿಗ್ರಿಯಲ್ಲಿ ಸುಮಾರು 0.001, 30ರಲ್ಲಿ 0.0025ರಿಂದ 0.003, 40ರಲ್ಲಿ 0.006 ಸೇರಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 38, 40 ಆಗುವುದು ಮಾಮೂಲು. ಡಿಸೆಂಬರಿನ ಬೆಳಗ್ಗೆ 10, 12. ಒಂದೇ ಜಾರು, ಒಂದೇ ಸಕ್ಕರೆ ನೀರು, ಅಂಕಿ ಮಾತ್ರ ಬೇರೆ ಬೇರೆ.

ಇದರಿಂದ ಏನು ಮಹಾ ಅನ್ನಬೇಡಿ. ವರ್ಟ್ 30 ಡಿಗ್ರಿಯಲ್ಲಿದ್ದಾಗ 1.048 ಬಂತು, ಸರಿಪಡಿಸಿದರೆ ಅದು 1.051. ಎಫ್‌ಜಿಯನ್ನು ಫ್ರಿಜ್ಜಿನಿಂದ ತೆಗೆದು 20ಕ್ಕೆ ತಂದು ಅಳೆದಿರಿ, 1.010 ಬಂತು. ಓಜಿ ಸರಿಪಡಿಸದೆ ಲೆಕ್ಕ ಹಾಕಿದರೆ 5.0, ಸರಿಪಡಿಸಿದರೆ 5.4. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ 5 ಶೇಕಡಾವರೆಗೆ ಮೈಲ್ಡ್, ಅದರ ಮೇಲೆ 8ರವರೆಗೆ ಸ್ಟ್ರಾಂಗ್. ಥರ್ಮಾಮೀಟರ್ ಇಡದೆ ಒಂದು ಸ್ಟ್ರಾಂಗ್ ಬಿಯರನ್ನು ಮೈಲ್ಡ್ ಮಾಡಿದ ಹಾಗಾಯಿತು.

ಒಂದು ಸುಲಭದ ಉಪಾಯ ಇದೆ. ಎರಡೂ ರೀಡಿಂಗನ್ನು ಒಂದೇ ಉಷ್ಣತೆಯಲ್ಲಿ ತೆಗೆಯಿರಿ. ಎರಡರಲ್ಲೂ ಒಂದೇ ತಪ್ಪು ಇರುತ್ತದೆ, ಕಳೆದಾಗ ಅದು ಹೊರಟು ಹೋಗುತ್ತದೆ. ಆಲ್ಕೋಹಾಲಿನ ಲೆಕ್ಕ ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ. ಆದರೆ ಬಿಸಿ ಬಿಸಿ ವರ್ಟಿಗೆ ಮಾತ್ರ ಹೈಡ್ರೋಮೀಟರ್ ಇಳಿಸಲೇಬೇಡಿ. ತಿದ್ದುಪಡಿಯೂ ನೆಚ್ಚುವಂತಿರುವುದಿಲ್ಲ, ಗಾಜೂ ಬಿರಿಯಬಹುದು.

ಅಣ್ಣಾ, ಮನೆಯಲ್ಲಿ ಹಾಲಿನ ಲ್ಯಾಕ್ಟೋಮೀಟರ್ ಇದೆ. ಅದೇ ನಡೆಯಲ್ವಾ?

ತತ್ವ ಒಂದೇ, ಅಳತೆಯ ವ್ಯಾಪ್ತಿ ಬೇರೆ. ಲ್ಯಾಕ್ಟೋಮೀಟರಿನಲ್ಲಿ 30 ಅಂದರೆ 1.030. ಸಾಮಾನ್ಯವಾಗಿ ಅದು 40ಕ್ಕೆ ಮುಗಿಯುತ್ತದೆ. ಬಿಯರ್ ವರ್ಟ್ 1.050 ಇದ್ದರೆ ಅದರ ಸ್ಕೇಲ್ ಪೂರ್ತಿ ಮೇಲೆದ್ದು ನಿಲ್ಲುತ್ತದೆ.

ಇನ್ನೆರಡು ತಪ್ಪು ಉಪಕರಣಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬ್ಯಾಟರಿ ಅಂಗಡಿಯ ಹೈಡ್ರೋಮೀಟರ್ ಆ್ಯಸಿಡ್ಡಿಗೆ ಮಾಡಿದ್ದು, ಅದರ ಸ್ಕೇಲ್ ಶುರುವಾಗುವುದೇ 1.100ರ ಆಚೀಚೆ. ಅದನ್ನು ಕುಡಿಯುವ ವಸ್ತುವಿನ ಹತ್ತಿರವೂ ತರಬೇಡಿ. ಎರಡನೆಯದು ಆಲ್ಕೋಹಾಲ್‌ಮೀಟರ್. ಹೆಸರು ಕೇಳಿ ಇದೇ ಬೇಕು ಅಂತ ತರುವವರಿದ್ದಾರೆ. ಅದು ಭಟ್ಟಿ ಇಳಿಸಿದ, ಸಕ್ಕರೆಯೇ ಇಲ್ಲದ ಮದ್ಯಕ್ಕೆ. ಗೋವಾದಲ್ಲಿ ಫೆನಿ ಇಳಿಸುವವರು ಅಂಥದ್ದೇ ತೇಲುವ ಮಾಪಕ ಹಾಕಿ 'ಗ್ರಾವ್' ಲೆಕ್ಕದಲ್ಲಿ ಕಸುವು ಹೇಳುವುದುಂಟು. ಅಲ್ಲಿ ಇರುವುದು ನೀರು ಮತ್ತು ಆಲ್ಕೋಹಾಲ್ ಮಾತ್ರ, ಹಾಗಾಗಿ ಒಂದೇ ರೀಡಿಂಗ್ ಸಾಕು. ಬಿಯರ್‌ನಲ್ಲಿ ಉಳಿದ ಸಕ್ಕರೆ ಭಾರ ಮಾಡುತ್ತದೆ, ಆಲ್ಕೋಹಾಲ್ ಹಗುರ ಮಾಡುತ್ತದೆ. ಎರಡರ ಜಗ್ಗಾಟದಲ್ಲಿ ಆಲ್ಕೋಹಾಲ್‌ಮೀಟರಿಗೆ ಏನೂ ತಿಳಿಯುವುದಿಲ್ಲ.

ನಿಮಗೆ ಬೇಕಾದದ್ದು 0.990ರಿಂದ 1.100 ದಾಟುವ ಸ್ಕೇಲ್ ಇರುವ ಬಿಯರ್, ವೈನ್ ಹೈಡ್ರೋಮೀಟರ್. ಮುಂಬೈಗೆ ಹೋಗುವವರಿದ್ದರೆ ಪ್ರಿನ್ಸೆಸ್ ಸ್ಟ್ರೀಟಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ 'ಹೈಡ್ರೋಮೀಟರ್ ಕೊಡಿ' ಅಂದರೆ ಯಾವುದಾದರೂ ಒಂದು ಕೊಟ್ಟಾರು, ವ್ಯಾಪ್ತಿ ಹೇಳಿ ಕೇಳಿ.

ಕೆಲವದರಲ್ಲಿ ಪ್ಲೇಟೋ, ಬ್ರಿಕ್ಸ್ ಅಂತ ಇರುತ್ತಲ್ಲ?

ನೂರು ಗ್ರಾಂ ದ್ರವದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಲೆಕ್ಕ ಅದು. ಬಿಯರಿನವರು ಪ್ಲೇಟೋ ಅನ್ನುತ್ತಾರೆ, ಹಣ್ಣು ಮತ್ತು ಕಬ್ಬಿನವರು ಬ್ರಿಕ್ಸ್ ಅನ್ನುತ್ತಾರೆ. ಅಂದಾಜಿಗೆ ಒಂದು ಪ್ಲೇಟೋ ಅಂದರೆ 0.004. 10 ಪ್ಲೇಟೋ 1.040, 12.5 ಪ್ಲೇಟೋ 1.050.

ನನ್ನ ಹೈಡ್ರೋಮೀಟರ್ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಡಿಸ್ಟಿಲ್ಡ್ ನೀರನ್ನು 20 ಡಿಗ್ರಿಗೆ ತಂದು ಅದರಲ್ಲಿ ಹೈಡ್ರೋಮೀಟರ್ ಬಿಡಿ. 1.000 ಬರಬೇಕು. 1.002 ಬಂದರೆ ಎಲ್ಲ ರೀಡಿಂಗಿನಿಂದ 0.002 ಕಳೆಯಿರಿ, ಅಷ್ಟಕ್ಕೇ ಎಸೆಯಬೇಕಿಲ್ಲ. ಆಮೇಲೆ ಮೇಲಿನ ತುದಿಯನ್ನೂ ನೋಡಿ. 25 ಗ್ರಾಂ ಸಕ್ಕರೆ, 225 ಗ್ರಾಂ ನೀರು, ಎರಡನ್ನೂ ತೂಕ ಮಾಡಿ ಕರಗಿಸಿದರೆ ಹತ್ತು ಪ್ಲೇಟೋ, ಅಂದರೆ 1.040. ನೀರಲ್ಲಿ ಸರಿ, ಸಕ್ಕರೆಯಲ್ಲಿ ತಪ್ಪು ಬಂದರೆ ಸ್ಕೇಲೇ ಸರಿ ಇಲ್ಲ. ಎರಡರಲ್ಲೂ ಒಂದೇ ಅಳತೆಯ ತಪ್ಪಿದ್ದರೆ ಒಳಗಿನ ಕಾಗದ ಜಾರಿದೆ. ನಲ್ಲಿ ನೀರಲ್ಲಿ ಪರೀಕ್ಷೆ ಮಾಡಬೇಡಿ ಅಂತೇನಿಲ್ಲ, ಬೋರ್‌ವೆಲ್ ಗಡಸು ನೀರು ಮಾತ್ರ ಬೇಡ.

ಓಜಿ ತೆಗೆಯಲು ಮರೆತೆ. ಈಗೇನು?

ಕಿಟ್ ಆಗಿದ್ದರೆ, ನೀರಿನ ಅಳತೆ ಸರಿಯಾಗಿ ಹಾಕಿದ್ದರೆ, ಅದರ ಮೇಲೆ ಬರೆದ ಓಜಿಯನ್ನೇ ನಂಬಬಹುದು. ಇಲ್ಲದಿದ್ದರೆ ಕುದಿಸುವ ದಾರಿ ಇದೆ. ಗ್ಯಾಸ್ ತೆಗೆದ ಬಿಯರ್ ಸರಿಯಾಗಿ 300 ಮಿಲಿ ಅಳೆದು ಅದರ ಗ್ರಾವಿಟಿ ಬರೆದುಕೊಳ್ಳಿ. ಕಿಟಕಿ ತೆರೆದು, ಪಾತ್ರೆಯಲ್ಲಿ ಅರ್ಧ ಆಗುವ ತನಕ ಕುದಿಸಿ. ಆಲ್ಕೋಹಾಲ್ ಹೋಯಿತು. ತಣಿಸಿ, ಡಿಸ್ಟಿಲ್ಡ್ ನೀರು ಹಾಕಿ ಮತ್ತೆ 300 ಮಿಲಿಗೆ ತನ್ನಿ. ಅದೇ ಉಷ್ಣತೆಯಲ್ಲಿ ಮತ್ತೆ ಅಳೆಯಿರಿ. ಮೊದಲು 1.010, ಈಗ 1.017 ಅಂದರೆ 0.007 ಏರಿದೆ. ಪ್ರತಿ 0.001ಕ್ಕೆ ಸುಮಾರು 0.7 ಶೇಕಡಾ ಹಿಡಿದರೆ ಐದರ ಹತ್ತಿರ.

ಇದರ ಕಷ್ಟ ಎಲ್ಲಿದೆ ನೋಡಿ. ಇಲ್ಲಿ ಒಂದು ಗೆರೆ, ಅಂದರೆ 0.001, ತಪ್ಪಿ ಓದಿದರೆ 0.7 ಶೇಕಡಾ ಆಚೀಚೆ. ಓಜಿ, ಎಫ್‌ಜಿ ಕ್ರಮದಲ್ಲಿ ಅದೇ ಒಂದು ಗೆರೆಗೆ 0.13 ಮಾತ್ರ. ಅದಕ್ಕೇ ಯೀಸ್ಟ್ ಪೊಟ್ಟಣ ಕತ್ತರಿಸುವ ಮುಂಚೆ ಓಜಿ ಬರೆದುಕೊಳ್ಳಿ ಅಂತ ಹೊಸಬರಿಗೆ ನಾನು ತಲೆ ತಿನ್ನುವುದು.

ಏರ್‌ಲಾಕಿನಲ್ಲಿ ಗುಳ್ಳೆ ನಿಂತಿದೆ. ಬಾಟಲಿಗೆ ತುಂಬಬಹುದಾ?

ಏರ್‌ಲಾಕ್ ಅಂದರೆ ಹುದುಗುವ ಪಾತ್ರೆಯ ಗ್ಯಾಸನ್ನು ಹೊರಗೆ ಬಿಟ್ಟು, ಗಾಳಿಯನ್ನು ಒಳಗೆ ಬಿಡದ ಸಣ್ಣ ಕೊಳವೆ. ಅದರ ಗುಳ್ಳೆ ನೋಡಿ ತೀರ್ಮಾನ ಮಾಡಬೇಡಿ. ಮುಚ್ಚಳ ಸಡಿಲ ಇದ್ದರೂ ಗುಳ್ಳೆ ನಿಲ್ಲುತ್ತದೆ, ಸೆಖೆ ಜಾಸ್ತಿಯಾದರೆ ಹುದುಗುವುದು ಮುಗಿದಿದ್ದರೂ ಬರುತ್ತದೆ. ಎರಡು ಮೂರು ದಿನದ ಅಂತರದಲ್ಲಿ ರೀಡಿಂಗ್ ತೆಗೆಯಿರಿ. ಅಂಕಿ ಕದಲದಿದ್ದರೆ ಮುಗಿದಿದೆ. ಅದು ನಿಮ್ಮ ಮಾಲ್ಟಿಗೆ, ಯೀಸ್ಟಿಗೆ ಹೊಂದುವ ಅಂಕಿಯೂ ಆಗಿರಬೇಕು. 1.050ರಿಂದ ಹೊರಟದ್ದು 1.025ರಲ್ಲಿ ಕೂತಿದ್ದರೆ ಯೀಸ್ಟ್ ಮಲಗಿದೆ ಅಂತ ಲೆಕ್ಕ. ಮುಗಿದಿಲ್ಲ.

ಇದರಲ್ಲಿ ಅವಸರ ಅಪಾಯ. ಬಾಟಲಿಯೊಳಗೆ 0.001 ಇಳಿದರೆ ಬಿಯರಿನ ಗಾತ್ರದ ಸುಮಾರು ಅರ್ಧದಷ್ಟು ಗ್ಯಾಸ್ ಹುಟ್ಟುತ್ತದೆ. ಸಾಮಾನ್ಯ ಬಿಯರ್‌ನಲ್ಲಿ ಇರುವುದೇ ಎರಡೂವರೆ ಪಟ್ಟು. 0.004 ಉಳಿದಿರುವಾಗ ತುಂಬಿ, ಮೇಲಿಂದ ನೊರೆಗಾಗಿ ಸಕ್ಕರೆಯನ್ನೂ ಹಾಕಿದರೆ ಗಾಜು ಸಿಡಿಯಬಹುದು. ಅಂದ ಹಾಗೆ, ನೊರೆಗೆಂದು ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದರೆ ಆಲ್ಕೋಹಾಲ್ ಸುಮಾರು 0.3ರಿಂದ 0.4 ಏರುತ್ತದೆ. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಾವಿನ ರಸ ಹಾಕಿದರೆ ಆಲ್ಕೋಹಾಲ್ ಏರುತ್ತಾ?

ಹಾಪೂಸ್ ಸೀಸನ್ನಿನಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. 1.050 ಓಜಿಯ 20 ಲೀಟರ್ ಬಿಯರಿಗೆ 2 ಕಿಲೋ ರಸ ಹಾಕಿದಿರಿ ಅನ್ನಿ. ರಸ 15 ಬ್ರಿಕ್ಸ್ ಇದ್ದರೆ ಅದರ ಗ್ರಾವಿಟಿಯೇ 1.061ರ ಸುಮಾರು. ಎರಡೂ ಬೆರೆತರೆ ಓಜಿ 1.051. ಅಂದರೆ ಹೆಚ್ಚೇನೂ ಏರಲಿಲ್ಲ. ಸಕ್ಕರೆಯ ಜೊತೆ ಹಣ್ಣು ತನ್ನ ನೀರನ್ನೂ ತಂದಿತು. ಬೆಲ್ಲ ಹಾಗಲ್ಲ. ಅದೇ 20 ಲೀಟರಿಗೆ ಅರ್ಧ ಕಿಲೋ ಹಾಕಿದರೆ ಸುಮಾರು 0.009 ಏರುತ್ತದೆ, ಅಂದರೆ ಒಂದು ಶೇಕಡಾಕ್ಕಿಂತ ಜಾಸ್ತಿ ಆಲ್ಕೋಹಾಲ್.

ಏನಪ್ಪಾ, ನನ್ನ ಶುಂಠಿ ಬಿಯರ್ ಮಕ್ಕಳಿಗೆ ಕೊಡಬಹುದಾ?

ಒಬ್ಬ ಅಜ್ಜಿ ಕೇಳಿದ್ದು ಇದು. ಅಜ್ಜಿ, ಅಳೆದು ನೋಡಿ. ನಮ್ಮ ನಿಯಮದಲ್ಲಿ 0.5 ಶೇಕಡಾ ದಾಟಿದರೆ ಅದು ಮದ್ಯ. ಹೈಡ್ರೋಮೀಟರಿನಲ್ಲಿ ನಾಲ್ಕೇ ಪಾಯಿಂಟ್, 1.040ರಿಂದ 1.036ಕ್ಕೆ ಇಳಿದರೆ ಅಲ್ಲಿಗೆ ಬಂತು. ಪುಣೆಯ ಬೇಸಿಗೆಯಲ್ಲಿ ಒಂದು ದಿನ ಹೊರಗಿಟ್ಟರೂ ಸಾಕು. ಮಕ್ಕಳಿಗಾದರೆ ಹುದುಗಿಸದೆ ಶುಂಠಿ ಶರಬತ್ತಿಗೆ ಸೋಡಾ ಹಾಕಿ ಕೊಡಿ.

ಕೊಂಬುಚಾದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಯೀಸ್ಟ್ ಮಾಡಿದ ಆಲ್ಕೋಹಾಲನ್ನು ಬ್ಯಾಕ್ಟೀರಿಯಾ ಹುಳಿ ಮಾಡುತ್ತಾ ಹೋಗುತ್ತದೆ.

ಕಳ್ಳಭಟ್ಟಿಯಲ್ಲಿ ವಿಷ ಇದೆಯಾ ಅಂತ ಇದರಲ್ಲಿ ತಿಳಿಯುತ್ತಾ?

ಖಂಡಿತ ಇಲ್ಲ. 2015ರಲ್ಲಿ ಮುಂಬೈಯ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಮೆಥನಾಲ್ ಸೇರಿದ ಸಾರಾಯಿಯಿಂದ. ಮೆಥನಾಲಿನ ಸಾಂದ್ರತೆ 0.792, ಕುಡಿಯುವ ಆಲ್ಕೋಹಾಲಿನದು 0.789. ತೇಲುವ ಗಾಜಿಗೆ ಎರಡೂ ಒಂದೇ. ಮೂಗಿಗೆ, ನಾಲಿಗೆಗೂ ವ್ಯತ್ಯಾಸ ಸಿಗುವುದಿಲ್ಲ. ಮಾಲ್ಟಿನಿಂದ ಹುದುಗಿಸಿದ ಬಿಯರಿನಲ್ಲಿ ಈ ಭಯ ಇಲ್ಲ, ಅಪಾಯ ಬರುವುದು ಕೈಗಾರಿಕೆಯ ಮೆಥನಾಲ್ ಬೆರೆಸಿದಾಗ. ಎಲ್ಲಿಯದೋ ಗೊತ್ತಿಲ್ಲದ ಮದ್ಯ ಕುಡಿಯಬೇಡಿ.

ರಿಫ್ರಾಕ್ಟೋಮೀಟರ್ ಒಳ್ಳೆಯದಾ?

ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಸಕ್ಕರೆ ಹೇಳುವ ಉಪಕರಣ ಅದು. ಓಜಿಗೆ ಬಹಳ ಅನುಕೂಲ, ಎರಡು ಹನಿ ಸಾಕು. ಹುದುಗಿದ ಮೇಲೆ ಆಲ್ಕೋಹಾಲ್ ಬೆಳಕನ್ನು ಬೇರೆ ರೀತಿ ಬಾಗಿಸುವುದರಿಂದ ಅದು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ, ತಿದ್ದುಪಡಿ ಬೇಕು. ಎಫ್‌ಜಿಗೆ ನಾನು ಗಾಜಿನ ಹೈಡ್ರೋಮೀಟರನ್ನೇ ಬಳಸುತ್ತೇನೆ.

ಲೇಬಲ್ ಮೇಲೆ 5.25 ಅಂತ ಬರೆಯಲಾ?

5.3 ಅಂತ ಬರೆಯಿರಿ. ಕಣ್ಣಳತೆಯಲ್ಲೇ ಅರ್ಧ ಗೆರೆ ಆಚೀಚೆ ಆಗುವಾಗ ಎರಡನೇ ದಶಾಂಶ ಬರೀ ಜಂಬ.

ಹೈಡ್ರೋಮೀಟರ್ ಫರ್ಮೆಂಟರಿನೊಳಗೇ (ಹುದುಗಿಸುವ ಪಾತ್ರೆಯೊಳಗೇ) ಒಡೆದು ಹೋಯಿತು. ಸೋಸಿದರೆ ಸಾಕಾ?

ಸಾಲದು, ಪೂರ್ತಿ ಚೆಲ್ಲಿ. ಗಾಜಿನ ಸಣ್ಣ ಚೂರು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಹಳೆಯ ಉಪಕರಣಗಳಲ್ಲಿ ತೂಕಕ್ಕೆ ಸೀಸದ ಗುಂಡು ಇರುವುದೂ ಉಂಟು. ಯಾವಾಗಲೂ ಸ್ಯಾಂಪಲನ್ನು ಬೇರೆ ಜಾರಿಗೆ ತೆಗೆದು ಅಳೆಯಿರಿ, ಫರ್ಮೆಂಟರಿಗೆ ನೇರವಾಗಿ ಬಿಡಬೇಡಿ. ಜಾರ್ ಪ್ಲಾಸ್ಟಿಕ್ಕಿನದಾದರೂ ನಡೆಯುತ್ತದೆ, ಹೈಡ್ರೋಮೀಟರ್ ಮಾತ್ರ ಕೊಳ್ಳುವಾಗಲೇ ಎರಡು ಕೊಂಡುಬಿಡಿ.